ಹುಲುಗಪ್ಪ ಅಳಿಸಿದ ಹಗಲುವೇಷ

ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಶಿಷ್ಯನೊಬ್ಬ ಒಂದೇ ಗುಂಡಿ ಒತ್ತಿ ಹಾಳು ಮಾಡಿದ. ಗುರುಗಳು ಬೈಯಲಿಲ್ಲ, ಹೊಡೆಯಲಿಲ್ಲ. ಕಣ್ಣು ಮುಚ್ಚು ಅಂದರು, ಅಷ್ಟೆ. ಊರ ಕಟ್ಟೆಯ ಮೇಲೆ ಇದನ್ನು ಹೇಳಿದರೆ ಇವತ್ತಿಗೂ ಯಾರೂ ನಂಬುವುದಿಲ್ಲ. ನೀವೂ ನಂಬಬೇಡಿ. ಕಡೇ ತನಕ ಕೇಳಿ, ಆಮೇಲೆ ಸುಳ್ಳು ಅನ್ನುವ ಧೈರ್ಯವಿದ್ದರೆ ಅನ್ನಿ.

ತುಂಗಭದ್ರೆಯ ದಂಡೆಯಲ್ಲಿ ಪಂಪಣ್ಣ ಗುರುಗಳ ಎಡಿಟಿಂಗ್ ಮನೆ. ಒಂದು ಕೋಣೆ, ಒಂದು ಹಳೇ ಕಂಪ್ಯೂಟರ್, ಗೋಡೆಗೊಂದು ಪರದೆ. ಯಾರೋ ಎಲ್ಲೋ ತೆಗೆದ ದೃಶ್ಯಗಳು ಅಲ್ಲಿಗೆ ಬಂದು, ಕತ್ತರಿಸಿಕೊಂಡು, ಜೋಡಿಸಿಕೊಂಡು, ಚಿತ್ರವಾಗಿ ಹೊರಗೆ ಹೋಗುತ್ತಿದ್ದವು.

ಶಿಷ್ಯರು ಇಬ್ಬರು. ಹಿರಿಯಳು ಈರಮ್ಮಕ್ಕ. ಕಿರಿಯವನು ಹುಲುಗಪ್ಪ.

ಹುಲುಗಪ್ಪನಂಥ ಶಿಷ್ಯ ಹೊಳೆಯ ಈ ದಂಡೆಗೂ ಇರಲಿಲ್ಲ, ಆ ದಂಡೆಗೂ ಇರಲಿಲ್ಲ. ಕುರಿ ಹಟ್ಟಿಯಲ್ಲಿ ಬೆಳೆದವನು. ಆದರೆ ಎಡಿಟರುಗಳಿಗಾಗಿ ಲೋಕದಲ್ಲಿ ಎಷ್ಟು ವೆಬ್‌ಸೈಟುಗಳಿವೆಯೋ ಅಷ್ಟೂ ಅವನ ಮೊಬೈಲಿನಲ್ಲಿದ್ದವು. ಯಾವ ದೇಶದಲ್ಲಿ ಯಾವ ಸಾಫ್ಟ್‌ವೇರ್ ಬಂತು, ಯಾವುದು ಸತ್ತಿತು, ಹೊಗೆ ಹೇಗೆ ಹಾಕಬೇಕು, ಮಿಂಚು ಹೇಗೆ ಹೊಡೆಸಬೇಕು, ಎಲ್ಲ ಅವನಿಗೆ ಬಾಯಿಪಾಠ. ತೆರೆಯ ಮೇಲೆ ನನ್ನ ಹೆಸರು ನೋಡದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಅಂತ ಊರಿನಲ್ಲಿ ಸಾರಿ ಬಂದಿದ್ದ.

ಒಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಓದಿದಷ್ಟೂ ಅವನಿಗೆ ಹೆದರಿಕೆಯಾಗುತ್ತಿತ್ತು.

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಸುದ್ದಿ. ಹೊಸದನ್ನು ಕಲಿಯದವರ ಕಾಲ ಮುಗಿಯಿತಂತೆ. ಇನ್ನು ಮೇಲೆ ಯಂತ್ರವೇ ಕತ್ತರಿಸುತ್ತದಂತೆ, ಮನುಷ್ಯರು ಬೇಡವಂತೆ.

ಈರಮ್ಮಕ್ಕ ಅವನ ಮುಖ ನೋಡಿಯೇ ತಿಳಿಯುತ್ತಿದ್ದಳು.

"ಏನಪಾ ಹುಲುಗಪ್ಪ, ಇವತ್ತು ಜಗತ್ತು ಎಷ್ಟೊತ್ತಿಗೆ ಮುಳುಗತೈತಂತ? ರೊಟ್ಟಿ ಬಡೀಲೋ, ಬ್ಯಾಡೋ?"

ಒಂದು ದಿನ ತಡೆಯಲಾರದೆ ಗುರುಗಳನ್ನು ಕೇಳಿದ.

"ಗುರುಗಳ, ನೀವು ಏನೂ ಓದಂಗಿಲ್ಲ. ಹಿಂದ ಬಿದ್ದುಬಿಟ್ರ?"

"ಯಾರ ಹಿಂದ?"

"ಎಲ್ಲಾರ ಹಿಂದ."

"ಎಲ್ಲಾರ ಹಿಂದ ನಿಂತವಗ ಎಲ್ಲಾರೂ ಕಾಣ್ತಾರ," ಅಂದರು ಗುರುಗಳು. "ನೋಡೋದು ತಾನ ನಮ್ಮ ಕಸುಬು?"

ಹುಲುಗಪ್ಪ ನಕ್ಕ. ಮತ್ತೆ ಮೊಬೈಲ್ ತೆಗೆದ.

ಆ ಮನೆಯಲ್ಲಿ ಒಂದೇ ಒಂದು ಕಟ್ಟಳೆ. ಹೊಲಿಗೆ ನಡೆದಾಗ ಸೂಜಿ ಬದಲಿಸಬಾರದು. ಅಂದರೆ, ಒಂದು ಚಿತ್ರ ಕೈಯಲ್ಲಿರುವಾಗ ಸಾಫ್ಟ್‌ವೇರ್ ಮುಟ್ಟಬಾರದು. ಚಿತ್ರ ಮುಗಿಯಲಿ, ಆಮೇಲೆ ಬೇಕಾದ ಹೊಸದನ್ನು ತಂದುಕೋ.

ಆಗ ಕೈಯಲ್ಲಿದ್ದದ್ದು ಲಿಂಗಯ್ಯಜ್ಜನ ಚಿತ್ರ. ಅಜ್ಜ ಹಗಲುವೇಷದವನು. ಹಗಲು ಹೊತ್ತಿನಲ್ಲಿ ದೇವರ ವೇಷ ತೊಟ್ಟು ಮನೆಮನೆಯ ಮುಂದೆ ಆಡಿ, ಪದ ಹೇಳಿ, ಬದುಕಿದವನು. ಇನ್ನು ಬಣ್ಣ ಹಚ್ಚುವುದಿಲ್ಲ ಅಂದವನ ಕೊನೆಯ ಆಂಜನೇಯನ ಆಟವನ್ನು ಯಾರೋ ಚಿತ್ರೀಕರಿಸಿದ್ದರು. ಅವನ ಮೇಳ ಬೇರೆ ಸೀಮೆಗೆ ಹೊರಡುವುದಿತ್ತು. ಹೊರಡುವ ಮೊದಲು ಚಿತ್ರ ನೋಡಲು ಅಜ್ಜ ಒಂದು ಸಂಜೆ ಬರುವವನಿದ್ದ.

ಆಟದ ನಡುವೆ ಒಂದು ಕಡೆ ಅಜ್ಜ ಮಾತು ಮರೆತಿದ್ದ. ಬೀದಿಯಲ್ಲಿ, ಎಲ್ಲರ ಮುಂದೆ, ಬಾಯಿ ತೆರೆದು ಸುಮ್ಮನೆ ನಿಂತುಬಿಟ್ಟಿದ್ದ. ಹುಲುಗಪ್ಪ ಅಲ್ಲಿ ಹೊಗೆ ಎಬ್ಬಿಸಿ, ಮಿಂಚು ಹೊಡೆಸಿ, ಎಲ್ಲ ಮುಚ್ಚಿದ್ದ.

"ಅಜ್ಜನ ಮಾನ ಉಳಿಸೀನಿ," ಅಂತ ಎದೆ ತಟ್ಟಿಕೊಂಡಿದ್ದ.

ಅಜ್ಜ ಬರುವ ಹಿಂದಿನ ದಿನ ಬೆಳಿಗ್ಗೆ ಸುದ್ದಿ ಬಂತು. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿದೆ, ಬದಲಿಸದವರು ಕೆಟ್ಟರು, ಅಂತ ಒಬ್ಬ ಬರೆದಿದ್ದ. ಅವನ ಕೆಳಗೆ ನೂರಾರು ಜನ ಹೌದು ಹೌದು ಅಂದಿದ್ದರು.

ಗುರುಗಳು ಹೊಳೆಗೆ ಹೋಗಿದ್ದರು. ಹುಲುಗಪ್ಪ ಗುಂಡಿ ಒತ್ತಿದ.

ಹೊಸದು ಬಂದು ಕೂತಿತು. ಚಿತ್ರದ ಜೋಡಣೆಯನ್ನೆಲ್ಲ ತನ್ನ ರೀತಿಗೆ ಬದಲಿಸಿಕೊಂಡಿತು. ಆ ಭಾರ ಹಳೇ ಕಂಪ್ಯೂಟರ್ ತಡೆಯಲಿಲ್ಲ. ಪರದೆ ಒಮ್ಮೆ ಮಿಟುಕಿಸಿ ಕಪ್ಪಾಯಿತು.

ಮತ್ತೆ ತೆರೆದ. ಮತ್ತೆ ಕಪ್ಪು.

ಮೊಬೈಲ್ ತೆಗೆದು ಹುಡುಕಿದ. ಒಬ್ಬ ಜೋಡಣೆಯ ಹಳೇ ಕಡತ ಅಳಿಸು ಅಂದಿದ್ದ, ಅಳಿಸಿದ. ಇನ್ನೊಬ್ಬ ಅದನ್ನು ಅಳಿಸಲೇಬಾರದಿತ್ತು ಅಂದಿದ್ದ. ಕೊನೆಗೆ ಎಂದೋ ಯಾರೋ ಬರೆದ ಒಂದು ಸಾಲು ಸಿಕ್ಕಿತು: "ನನಗೂ ಹೀಗೇ ಆಗಿದೆ. ಯಾರಿಗಾದರೂ ಪರಿಹಾರ ಗೊತ್ತೇ?"

ಅದರ ಕೆಳಗೆ ಏನೂ ಇರಲಿಲ್ಲ. ಬಾವಿಗೆ ಇಣುಕಿದ ಹಾಗಿತ್ತು.

ಈರಮ್ಮಕ್ಕ ಬಂದು ನೋಡಿದಳು. ಅವಳ ಮುಖದ ನಗೆ ಹೋಯಿತು.

"ನಕಲು ಇಟ್ಟೀಯಿಲ್ಲೋ?"

"ನಕಲನ್ನೂ ಹೊಸದು ಬದಲಿಸಿಬಿಟ್ಟೈತಿ ಅಕ್ಕಾ."

ಈರಮ್ಮಕ್ಕ ಹೊಸದನ್ನು ಕಿತ್ತು ಹಾಕಿ ಹಳೆಯದನ್ನು ಮತ್ತೆ ಕೂರಿಸಿದಳು. ಮೂಲ ದೃಶ್ಯಗಳೆಲ್ಲ ಬೇರೆ ಕಡೆ ಸುರಕ್ಷಿತವಾಗಿದ್ದವು. ಜೋಡಿಸಿದ ಚಿತ್ರ ಮಾತ್ರ ಇಲ್ಲ. ತಿಂಗಳುಗಟ್ಟಲೆ ಕತ್ತರಿಸಿದ್ದೆಲ್ಲ ಇಲ್ಲ.

ಗುರುಗಳು ಒದ್ದೆ ಪಂಚೆ ಹಿಂಡುತ್ತ ಬಂದರು. ಹುಲುಗಪ್ಪ ಬಾಗಿಲಲ್ಲೇ ಕಾಲಿಗೆ ಬಿದ್ದು ನಡೆದದ್ದನ್ನೆಲ್ಲ ಹೇಳಿದ. ಊರಿಗೆ ಕಳಿಸುತ್ತಾರೆ, ಇವತ್ತೇ ಕಳಿಸುತ್ತಾರೆ. ಕಟ್ಟೆಯ ಮೇಲಿನವರ ಮುಖಗಳು ಒಂದೊಂದಾಗಿ ಕಂಡವು.

"ಯಾಕ ಒತ್ತಿದಿ?"

"ಹೆದರಿಕೆ ಆತ್ರಿ."

"ಬಾ," ಅಂದರು ಗುರುಗಳು.

ಹೊಳೆಯ ದಂಡೆಯಲ್ಲಿ ಒಂದು ಬಂಡೆಯ ಮೇಲೆ ಕೂರಿಸಿದರು. ನೂಕಿಬಿಡುತ್ತಾರೇನೋ ಅನ್ನಿಸಿ ಹುಲುಗಪ್ಪ ಬಂಡೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಕಣ್ಣು ಮುಚ್ಚು. ಚಿತ್ರ ತೋರಿಸು."

"ಕಣ್ಣು ಮುಚ್ಚಿ ಹೆಂಗ ತೋರಸ್ಲಿ ಗುರುಗಳ?"

"ನಂಗಲ್ಲ. ನಿನಗ."

ಕಣ್ಣು ಮುಚ್ಚಿದ. ಮೊದಲು ಕಪ್ಪು, ಅದೇ ಪರದೆಯ ಕಪ್ಪು. ಆಮೇಲೆ ಅಜ್ಜ ಬಂದ.

"ಅಜ್ಜ ಮೊಣಕಾಲಿನ ನಡುವ ಕನ್ನಡಿ ಹಿಡದಾನ. ಮುಖಕ್ಕ ಕೆಂಪು ಹಚ್ಚಾಕತ್ತಾನ."

"ಹೂಂ."

"ಅಜ್ಜಿ ಹಿಂದ ಬಾಲ ಕಟ್ಟಾಕತ್ತಾಳ. ಗಟ್ಟಿ ಬಿಗೀಬ್ಯಾಡ, ಲಂಕಾ ಇನ್ನಾ ದೂರ ಐತಿ ಅಂತಾನ. ಅಜ್ಜಿ ಬೆನ್ನಿಗೊಂದು ಗುದ್ದತಾಳ."

"ಹೂಂ."

"ಓಣ್ಯಾಗ ನಾಯಿ ಬೊಗಳ್ತಾವ. ಅಜ್ಜ ಕುಣೀತಾನ. ಆಮ್ಯಾಲ ಹೊಗಿ, ಮಿಂಚು…"

"ಅದು ನೀ ಹಾಕಿದ್ದು. ಕಂಡದ್ದು ಹೇಳು."

ಹುಲುಗಪ್ಪ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿದ. ನೀರಿನ ಸದ್ದು ದೊಡ್ಡದಾಯಿತು.

"ಅಜ್ಜನ ತುಟಿ ನಡಗತಾವ. ಮಾತು ಬರವಲ್ದು. ಮಂದಿ ನೋಡಾಕತ್ತಾರ. ಮುಂದ ಒಂದು ಕೂಸು ನಿಂತೈತಿ. ಅಜ್ಜ ಗದಾ ಇಳಿಸಿ ಅದರ ಕೈಗೆ ಕೊಡ್ತಾನ. ಕೂಸು ಭಾರ ತಾಳದ ನೆಲಕ್ಕ ಕುಂದರತೈತಿ. ಅಜ್ಜನೂ ಅದರ ಬಾಜೂಕ ಕುಂದರತಾನ."

"ಮುಂದ?"

"ಮುಂದ ನೆನಪಿಲ್ರಿ. ಎಲ್ಲಾ ಮರ್ತೀನಿ."

ಗುರುಗಳು ಎದ್ದು ಪಂಚೆಯ ಮರಳು ಕೊಡವಿದರು.

"ಹಂಗಾದ್ರ ಚಿತ್ರ ಅಷ್ಟ. ಹೋಗಿ ಜೋಡಿಸು."

ರಾತ್ರಿಯೆಲ್ಲ ಕೂತು ಜೋಡಿಸಿದ. ಕನ್ನಡಿ ಬಂತು, ಬಾಲ ಬಂತು, ಓಣಿ ಬಂತು. ಕೈಗೆ ದಾರಿ ಗೊತ್ತಿತ್ತು. ಮರುದಿನ ಹೊತ್ತೇರುವಷ್ಟರಲ್ಲಿ ಅಜ್ಜ ಮಾತು ಮರೆತು ನಿಂತ ಕಡೆ ಬಂದು ಕೈ ನಿಂತಿತು.

"ಗುರುಗಳ, ಇದನ್ನ ಹಿಂಗ ಇಟ್ರ ಅಜ್ಜನ ಮಾನ ಹೋಗತೈತಿ."

"ಹೋಗಬಹುದು."

"ಇಡಲ್ಯೋ, ಬಿಡಲ್ಯೋ?"

ಗುರುಗಳು ಎದ್ದು ಹೊರಗೆ ಹೋಗಿ ಹೊಳೆಯ ಕಡೆ ಮುಖ ಮಾಡಿ ಕೂತರು.

ಹುಲುಗಪ್ಪ ಮೊಬೈಲ್ ತೆಗೆದ. ಏನೆಂದು ಹುಡುಕುವುದು? ಒಬ್ಬ ಮುದುಕ ಬಾಯಿ ತೆರೆದು ನಿಂತರೆ ಅವನನ್ನು ಎಷ್ಟು ಹೊತ್ತು ನಿಲ್ಲಿಸಬೇಕು ಅಂತ ಯಾರನ್ನು ಕೇಳುವುದು? ಮೊಬೈಲ್ ಬೋರಲು ಹಾಕಿದ. ಅಜ್ಜನ ತುಟಿಗಳನ್ನೇ ನೋಡುತ್ತ ಕೂತ. ಈ ಹೆದರಿಕೆ ಬೇರೆ ಥರ ಇತ್ತು. ಇದಕ್ಕೆ ಒತ್ತುವ ಗುಂಡಿ ಇರಲಿಲ್ಲ.

ಕತ್ತರಿಸಲಿಲ್ಲ. ಇದ್ದಷ್ಟನ್ನೂ ಇಟ್ಟ.

ಸಂಜೆ ಅಜ್ಜ ಬಂದ. ಬಣ್ಣವಿಲ್ಲದ ಮುಖ, ಕೈಯಲ್ಲೊಂದು ಕೋಲು. ಪರದೆಯ ಮುಂದೆ ಕೂತ.

ಬಾಲ ಕಟ್ಟುವಾಗ ನಕ್ಕ. "ಆ ಗುದ್ದು ಇನ್ನಾ ನೋಯತೈತಿ," ಅಂದ.

ಆಮೇಲೆ ಆ ಮೌನ ಬಂತು. ಪರದೆಯ ಮೇಲೆ ಅಜ್ಜನ ತುಟಿಗಳು ನಡುಗಿದವು. ಕೆಳಗೆ ಕೂತವನ ತುಟಿಗಳೂ ನಡುಗಿದವು. ಹುಲುಗಪ್ಪ ಗೋಡೆಗೆ ಒರಗಿ ನಿಂತ. ಎದ್ದು ಹೋಗುತ್ತಾನೆ, ಅಳುತ್ತಾನೆ, ಆ ಕೋಲಿನಿಂದ ನನ್ನನ್ನು ಹೊಡೆಯುತ್ತಾನೆ.

ಚಿತ್ರ ಮುಗಿಯಿತು. ಅಜ್ಜ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಮಾತು ಮರ್ತದ್ದಷ್ಟ ನೆನಪಿತ್ತು," ಅಂದ ಅಜ್ಜ. "ಅದನ್ನ ನೆನಸಿ ನೆನಸಿ ನಿದ್ದಿ ಹೋಗಿತ್ತು. ಆಮ್ಯಾಲ ಗದಾ ಆ ಕೂಸಿಗೆ ಕೊಟ್ನೇನು ನಾನು?"

"ಕೊಟ್ಟೀರಿ ಅಜ್ಜಾ," ಅಂದ ಹುಲುಗಪ್ಪ.

"ಅದರ ಬಾಜೂಕ ಕುಂತ್ನೇನು?"

"ಕುಂತೀರಿ."

"ಇನ್ನೊಮ್ಮಿ ಹಾಕಪ್ಪ."

ಇನ್ನೊಮ್ಮೆ ಹಾಕಿದ. ಅಜ್ಜ ನೋಡಿ, ಕಣ್ಣೊರೆಸಿಕೊಂಡು, ಕೋಲು ಊರಿ ಹೊರಟುಹೋದ.

ಈರಮ್ಮಕ್ಕ ಕಂಪ್ಯೂಟರ್ ಆರಿಸಿದಳು. ಹುಲುಗಪ್ಪ ಗುರುಗಳ ಮುಂದೆ ಬಂದು ತಲೆ ತಗ್ಗಿಸಿ ನಿಂತ.

"ನಾನು ಊರಿಗೆ ಹೋಗಬೇಕೇನ್ರಿ?"

"ಹೆದರಿಕೆ ಹೋತೇನು?"

"ಇಲ್ರಿ. ಜಾಸ್ತಿ ಆಗೈತಿ."

"ಇವತ್ತು ಯಾರ ಸಲುವಾಗಿ ಹೆದರಿದಿ?"

ಹುಲುಗಪ್ಪ ಅಜ್ಜ ಹೋದ ದಾರಿಯ ಕಡೆ ನೋಡಿದ.

"ಅವರ ಸಲುವಾಗಿ."

ಗುರುಗಳು ಅಂದರು: "ಮುಂದಿನ ಚಿತ್ರ ನಿನಗ ಕೊಟ್ಟೀನಿ."