ಮೊಲವ್ವ ಕೊಟ್ಟ ಕುಂಕುಮ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಹುರಿಮೀಸೆ ಬೋಳಿಸಿ. ಬಿಲಕ್ಕೆ ಎರಡು ಸಲ ಕನ್ನ ಬಿದ್ದ ಮೇಲೆ ಮೊಲವ್ವ ಪಂಚಾಯಿತಿಯಲ್ಲಿ ಪಟ್ಟು ಹಿಡಿದಳು: "ಕಳ್ಳರ ಕಿವಿ ಹಿಂಡಿದರೆ ಸಾಲದು, ಕರೆಯದೆ ಒಳನುಗ್ಗಿದವರ ಬಾಲವನ್ನೇ ಕತ್ತರಿಸಬೇಕು." ಹಾಗೇ ಕಾನೂನಾಯಿತು. ಮರುದಿನವೇ ಹಾವು ಬಿಲ ಹೊಕ್ಕಿತು. "ಅಯ್ಯೋ, ನನ್ನ ಮಕ್ಕಳು!" ಎಂದು ಮೊಲವ್ವ ಕಿರುಚಿದ್ದೇ ತಡ, ಪಕ್ಕದ ಮುಳ್ಳುಹಂದಿ ಬಾಗಿಲು ಮುರಿದು ನುಗ್ಗಿ ಹಾವನ್ನು ಓಡಿಸಿದ. ಪಂಚಾಯಿತಿಯ ಆಮೆ ಕತ್ತರಿ ಹಿಡಿದು ಓಡೋಡಿ ಬಂದ.

"ಇವನನ್ನು ಕುಂಕುಮ ಕೊಟ್ಟು ಕರೆದಿದ್ದೆಯೇನವ್ವ?"

ಮೊಲವ್ವ ಮುಳ್ಳುಹಂದಿಯ ಬಾಲಕ್ಕೆ ಅಡ್ಡ ನಿಂತಳು. "ಕರೆದೆ ಸ್ವಾಮಿ. 'ಅಯ್ಯೋ' ಅಂದೆನಲ್ಲ, ಅದೇ ನನ್ನ ಕುಂಕುಮ. ಆ ಕತ್ತರಿ ಹಾವಿಗಿರಲಿ. ಅಣ್ಣಾ, ನನ್ನ ಮಕ್ಕಳನ್ನು ಉಳಿಸಿಕೊಟ್ಟೆ, ಉಂಡೇ ಹೋಗಬೇಕು."

ಎಲ್ಲವೂ ನಿಜ, ಆಮೆ ಓಡೋಡಿ ಬಂದದ್ದೊಂದು ಬಿಟ್ಟು. ಅದಕ್ಕೆ ಬೇಕಾದರೆ ನನ್ನ ಮೀಸೆಯ ತುದಿ ಕತ್ತರಿಸಿ.