ಮೂರು ಮನೆಗೆ ಆಸೆಪಟ್ಟ ದಲ್ಲಾಳಿ ನರಿ

ಒಂದು ರಾಜ್ಯ ಇತ್ತು ಕಣ್ರೋ ಮಕ್ಕಳೇ. ಅದರ ಕೋಟೆಯ ಹೊರಗೆ ಒಂದು ಬಡಾವಣೆ ಎದ್ದಿತ್ತು. ಅಲ್ಲಿನ ಜನಕ್ಕೆ ಬೆಳಗೆದ್ದರೆ ಒಂದೇ ಚಿಂತೆ: ನಮ್ಮ ಮನೆಗೆ ಈಗ ಎಷ್ಟು ಬರಬಹುದು? ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ, ರೇಟು ಮಾತ್ರ ಬಾಯಲ್ಲೇ ಏರುತ್ತಿತ್ತು. ಇಂಥ ಪೆದ್ದರಿರುವ ಕಡೆ ನರಿ ಬಾರದೆ ಇರುತ್ತದೆಯೇ?

ಬಂತು. ತಲೆಗೆ ರುಮಾಲು, ಕಂಕುಳಲ್ಲಿ ಅಳತೆಯ ಹಗ್ಗ, ಹೆಸರಿಗೆ ಮನೆ ದಲ್ಲಾಳಿ. ಹುಟ್ಟಿದ್ದು ಬಿಲದಲ್ಲಿ, ಬೆಳೆದದ್ದೂ ಬಿಲದಲ್ಲಿ. ಅದು ಮನುಷ್ಯರಿಗೆ ವಾಸ್ತು ಹೇಳುತ್ತದಂತೆ!

ರಾಜನ ದಳವಾಯಿಗೆ ಒಂದೇ ಸಾಲಿನ ಮೂರು ಮನೆ ಬೇಕಾಗಿತ್ತು. ಅದು ನರಿಯ ಕಿವಿಗೆ ಬಿತ್ತು.

ಮೊದಲು ಗಾಣದ ಚೆನ್ನವೀರನ ಮನೆಗೆ ಹೋಯಿತು. ಹಗ್ಗ ಎಳೆಯಿತು, ಹಲ್ಲಿಯಂತೆ ಲೊಚಗುಟ್ಟಿತು. "ಅಯ್ಯೋ, ಬಾಗಿಲು ದಕ್ಷಿಣಕ್ಕಿದೆಯಲ್ಲಪ್ಪಾ! ಯಮ ನೇರ ಒಳಗೇ ಬರ್ತಾನೆ." ಹನ್ನೆರಡು ವರ್ಷದಿಂದ ಆರು ಮಕ್ಕಳು ಗುಂಡುಕಲ್ಲಿನ ಹಾಗೆ ಬೆಳೆದ ಮನೆ ಅದು. ಆದರೂ ಆ ಮಹಾನುಭಾವ ನಂಬಿದ, ಅರ್ಧ ಬೆಲೆಗೆ ನರಿಗೇ ಮಾರಿದ.

ಆಮೇಲೆ ಅಂಗಡಿ ಬೋರಮ್ಮನ ಮನೆ. "ಬೀದಿ ಬಂದು ನಿಮ್ಮ ಬಾಗಿಲಿಗೇ ಗುದ್ದುತ್ತಿದೆ. ಮನೆಯೊಡತಿಗೆ ಹುಚ್ಚು ಹಿಡಿಯುತ್ತೆ." ಬೋರಮ್ಮನೂ ಅರ್ಧ ಬೆಲೆಗೆ ಮಾರಿದಳು. ಹುಚ್ಚು ಹಿಡಿದದ್ದು ಆಗಲೇ ಅಂತ ನಾನಂತೂ ಹೇಳುತ್ತೇನೆ.

ಉಳಿದದ್ದು ಆ ಎರಡರ ನಡುವಿನ ಮನೆ, ನೇಕಾರಗಿತ್ತಿ ಗಿರಿಯವ್ವನದು. ಒಳಗೆ ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗ.

"ಮನೆಯೊಳಗೇ ಗುಂಡಿ! ಇದು ಗೋರಿ ಕಣವ್ವಾ. ಕೊಟ್ಟುಬಿಡು. ಇಲ್ಲಾಂದ್ರೆ ಅಕ್ಕಪಕ್ಕದ ಮನೆ ಈಗ ನಂದೇ, ಎರಡೂ ಕಡೆ ಗೋಡೆ ಎತ್ತರಿಸ್ತೀನಿ, ಒಂದೆಳೆ ಬೆಳಕೂ ಬರಲ್ಲ."

ಗಿರಿಯವ್ವ ಹೆದರಿದ್ದು ಗೋರಿಯ ಮಾತಿಗಲ್ಲ. ಬೆಳಕಿಲ್ಲದೆ ನೇಯುವುದು ಹೇಗೆ? ಮಗ್ಗದ ಗುಂಡಿಯನ್ನು ಹೊತ್ತುಕೊಂಡು ಹೋಗಲಾದೀತೇ? ಮನೆ ಹೋದರೆ ಅನ್ನವೇ ಹೋದ ಹಾಗೆ.

"ನಾಳೆ ಬೆಳಗ್ಗೆ ಬಾ, ಹೇಳ್ತೀನಿ" ಎಂದಳು.

ಆ ರಾಜ್ಯದಲ್ಲಿ ಒಂದು ಪದ್ಧತಿ. ಮನೆ ಕೊಳ್ಳುವವರು ಮುಂಗಡ ಕೊಡುವ ಮೊದಲು ಪಕ್ಕದ ಮನೆಯಲ್ಲಿ ಒಂದು ಲೋಟ ಮಜ್ಜಿಗೆ ಕೇಳಿ ಕುಡಿಯಬೇಕು. ನೆರೆಹೊರೆ ಎಂಥದೆಂದು ಹಾಗೆ ತಿಳಿಯುವುದು. ಬಿಲದ ಪ್ರಾಣಿಗೆ ಇದೆಲ್ಲಿ ಗೊತ್ತು? ಅಕ್ಕಪಕ್ಕದ ಮನೆಗಳಿಗೆ ಮುಂಗಡ ಕೊಡಲು ದಳವಾಯಿ ಮರುದಿನ ಬರುವ ಸುದ್ದಿ ಮಾತ್ರ ಗಿರಿಯವ್ವನಿಗೆ ಮುಟ್ಟಿತ್ತು.

ಮರುದಿನ ದಳವಾಯಿ ಬಂದ, ಗಿರಿಯವ್ವನ ಹಿತ್ತಲಲ್ಲಿ ಕೂತು ಮಜ್ಜಿಗೆ ಕುಡಿದ. "ನಿಮ್ಮ ಅಕ್ಕಪಕ್ಕದ ಮನೇಲಿ ಲಕ್ಷ್ಮಿ ಕಾಲು ಮುರ್ಕೊಂಡು ಬಿದ್ದಿದಾಳಂತಲ್ಲ. ದಲ್ಲಾಳಿ ಹೇಳ್ದ" ಎಂದ.

ಅಷ್ಟರಲ್ಲಿ ಮುಂಬಾಗಿಲಲ್ಲಿ ನರಿ ಕೂಗಿತು. "ಇಲ್ಲೇ ಕೂತಿರಿ ಒಡೆಯಾ, ಕಿವಿ ಇತ್ತ ಕಡೆ ಇರಲಿ" ಎಂದು ಗಿರಿಯವ್ವ ಎದ್ದು ಹೋದಳು.

"ನರಿಯಣ್ಣಾ, ನನಗೆ ಬುದ್ಧಿ ಕಮ್ಮಿ, ಕಿವಿ ಮಂದ. ಅಕ್ಕಪಕ್ಕದ ಮನೆಗೆ ಏನು ದೋಷ, ಜೋರಾಗಿ ಹೇಳು. ಕೇಳಿ ಹೆದರಿಕೊಂಡಾದರೂ ಮಾರ್ತೀನಿ."

ನರಿ ಗಂಟಲು ಹರಿಯುವ ಹಾಗೆ ಕಿರುಚಿತು: "ಆಚೆ ಮನೇಲಿ ವರ್ಷ ಕಳೆಯೋದ್ರೊಳಗೆ ಹೆಣ! ಈಚೆ ಮನೇಲಿ ಹುಚ್ಚು! ಎರಡೂ ಹಾಳು ಮನೆ!"

ದಳವಾಯಿ ಹೊರಗೆ ಬಂದ. ಮೀಸೆಯಲ್ಲಿನ್ನೂ ಮಜ್ಜಿಗೆ. "ಹಾಳು ಮನೆ ಅನ್ನೋದು ನಿಜವಾದ್ರೆ ನನ್ನನ್ನ ಕೊಲ್ಲೋಕೆ ಹೊರಟವನು ನೀನು, ತಲೆ ತೆಗೀತೀನಿ. ಸುಳ್ಳಾದ್ರೆ ಮಾರಿದವರಿಗೆ ಮೋಸ ಮಾಡಿದವನು, ಮನೆ ಹಿಂದಕ್ಕೆ ಕೊಡು. ಯಾವುದು, ಬೊಗಳು."

ನರಿ ಕತ್ತಿ ನೋಡಿತು. "ಸುಳ್ಳು ಒಡೆಯಾ, ಎಲ್ಲಾ ಸುಳ್ಳು!" ಪತ್ರಗಳನ್ನು ಅಲ್ಲೇ ಚೆಲ್ಲಿ, ರುಮಾಲೂ ಬಿಟ್ಟು ಬಿಲದ ಕಡೆ ಓಡಿತು.

ತೆಗೆದುಕೊಂಡಿದ್ದ ಹಣವನ್ನು ದಳವಾಯಿಯ ಕೈಗೆ ಒಪ್ಪಿಸಿ ಚೆನ್ನವೀರ, ಬೋರಮ್ಮ ಮನೆಗೆ ಮರಳಿದರು. ಹಲ್ಲು ಕಿರಿಯುತ್ತಾ ಗಿರಿಯವ್ವನ ಜಗಲಿಗೆ ಬಂದರು. ಅವಳು ಮಗ್ಗದಿಂದ ಏಳಲಿಲ್ಲ.

"ಹನ್ನೆರಡು ವರ್ಷ ಗೋಡೆಗೆ ಗೋಡೆ ತಾಗಿಸಿ ಬಾಳಿದೀವಿ. ಮಾರೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರಾ?"

 

ನೀತಿ ಇಷ್ಟೇ ಮಕ್ಕಳೇ: ಬಾಳಿದ ಮನೆಯನ್ನೂ ಪಕ್ಕದ ಮನೆಯವರನ್ನೂ ನಂಬದೆ ದಾರಿಯಲ್ಲಿ ಬಂದ ದಲ್ಲಾಳಿಯನ್ನು ನಂಬಿದವನು ಮನೆ ಕಳೆದುಕೊಳ್ಳುತ್ತಾನೆ. ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿದವನು ಅವರೆಲ್ಲ ಒಂದೆಡೆ ಸೇರಿದ ದಿನ ಸಿಕ್ಕಿಬೀಳುತ್ತಾನೆ.