ಮಡಿವಾಳಪ್ಪ ಹೇಳಿದ ನಾಮ

ಎಕ್ಕಿಗಟ್ಟಿಯ ಮಠದಲ್ಲಿ ಬೆಳ್ಳಿಯ ಪೀಠವೊಂದಿತ್ತು. ಪೂಜ್ಯ ಶ್ರೀ ಅಡವಯ್ಯ ಮಹಾಸ್ವಾಮಿಗಳು ಅದರ ಮೇಲೆ ಕೂತದ್ದನ್ನು ಕಂಡವರು ಮಾತ್ರ ಅಪರೂಪ! ಅಮಾವಾಸ್ಯೆಯ ದಾಸೋಹದ ದಿನ ಅವರ ದರ್ಶನ ಬೇಕೆಂದರೆ ಅಡುಗೆಮನೆಯ ಹಿಂದಿನ ಜಗಲಿಗೇ ಹೋಗಬೇಕು. ಅಲ್ಲಿ ಗೋಣಿತಟ್ಟಿನ ಮೇಲೆ, ಭಕ್ತರ ನಡುವೆ ತಾವೂ ಒಬ್ಬರಾಗಿ ಕೂತು ಬದನೆಕಾಯಿ ಹೆಚ್ಚುತ್ತಿದ್ದರು.

ಅಂಥ ಒಂದು ಅಮಾವಾಸ್ಯೆ ಹೊನ್ನವ್ವನೆಂಬ ತಾಯಿ ಅವರ ಪಾದಕ್ಕೆ ಬಿದ್ದವಳು ಮೇಲೇಳಲೇ ಇಲ್ಲ.

ಹೊನ್ನವ್ವನಿಗೆ ಒಬ್ಬನೇ ಮಗ, ಮಡಿವಾಳಪ್ಪ. ಮೀಸೆ ಬಂದ ಗಂಡಸು. ಹುಟ್ಟಿದಾಗಿನಿಂದ ಅವನ ಕೈಕಾಲು ಅವನ ಮಾತು ಕೇಳುತ್ತಿರಲಿಲ್ಲ. ಮಾತಾಡಬೇಕೆಂದರೆ ಕತ್ತು ಸೊಟ್ಟಗಾಗಿ, ಒಂದೊಂದು ಅಕ್ಷರವನ್ನೂ ತಳ್ಳಿ ತಳ್ಳಿ ಹೊರಗೆ ಹಾಕಬೇಕು. ಬುದ್ಧಿಗೇನೂ ಕೊರತೆಯಿರಲಿಲ್ಲ. ಆದರೆ ಹಿಂದೊಮ್ಮೆ ನೆಂಟರ ಮದುವೆಯಲ್ಲಿ ಯಾರೋ ಪುಣ್ಯಾತ್ಮ ಅವನ ಮಾತನ್ನು ಅಣಕಿಸಿದ್ದ, ಚಪ್ಪರಕ್ಕೆ ಚಪ್ಪರವೇ ನಕ್ಕಿತ್ತು. ಅವತ್ತಿನಿಂದ ಹೊನ್ನವ್ವ ಮಗನನ್ನು ಮಂದಿಯೊಳಗೆ ಬಿಡಲಿಲ್ಲ. ಯಾರು ಅವನನ್ನು ಏನು ಕೇಳಿದರೂ ಅವನು ಬಾಯಿ ತೆರೆಯುವ ಮೊದಲೇ ತಾನು ಉತ್ತರ ಕೊಟ್ಟುಬಿಡುತ್ತಿದ್ದಳು. ಮಠಕ್ಕೆ ಬಂದರೂ ಅಷ್ಟೇ. ಬಂಡಿ ಹೊರಗೆ ಬೇವಿನ ಮರದ ಕೆಳಗೆ, ಮಗ ಬಂಡಿಯಲ್ಲಿ. ಅವಳು ಪ್ರಸಾದವನ್ನು ತಾಟಿನಲ್ಲಿ ಮುಚ್ಚಿ ಅಲ್ಲಿಗೇ ಒಯ್ಯುವುದು. ಅಷ್ಟು ಸಲ ಬಂದೂ ಮಠದ ಒಳಗನ್ನೇ ಕಾಣದ ಭಕ್ತನೆಂದರೆ ಅವನೊಬ್ಬನೇ ಇರಬೇಕು! ಅದು ಅವಳ ಪ್ರೀತಿಯೇ. ಪ್ರೀತಿಯಲ್ಲೂ ಇಂಥ ಎಡವಟ್ಟು ಆಗುತ್ತದಲ್ಲ.

“ಅಜ್ಜಾರ, ನನಗ ವಯಸ್ಸಾತ್ರಿ,” ಎಂದು ಅತ್ತಳು. “ನಾ ಹೋದ ಮ್ಯಾಲ ಇವನ ಮಾತು ತಿಳಿಯೋರು ಒಬ್ರೂ ಇಲ್ಲ. ಇವಗ ಮಾತು ಬರೂ ಹಂಗ ಮಾಡ್ರಿ. ಇಲ್ಲಾಂದ್ರ ನನಗಿಂತ ಮೊದಲ ಇವನ್ನ ಆ ಶಿವ ಕರಕೊಳ್ಳಲಿ.”

ಹೆತ್ತ ಬಾಯಲ್ಲಿ ಎಂಥ ಮಾತು! ಜಗಲಿಯ ಮೇಲಿದ್ದವರ ಕೈಗಳೆಲ್ಲ ನಿಂತವು. ಸ್ವಾಮಿಗಳು ಚಾಕು ಕೆಳಗಿಟ್ಟರು.

“ಅವ ಮಾತಾಡೂದನ್ನ ನೀ ಯಾರಿಗೆ ಕೇಳಗೊಟ್ಟಿ, ಯವ್ವಾ?”

ಹೊನ್ನವ್ವ ತಬ್ಬಿಬ್ಬಾದಳು. ಸ್ವಾಮಿಗಳು ಅಷ್ಟರಲ್ಲಿ ಕೈ ತೊಳೆದು ಬೇವಿನ ಮರದ ಕಡೆಗೆ ಹೊರಟೇಬಿಟ್ಟಿದ್ದರು. ಅವಳು ಓಡೋಡಿ ಹಿಂದೆ ಬಂದಳು.

“ತಮ್ಮಾ, ನಮ್ಮ ಪಂಕ್ತಿಗೆ ಬರ್ತೀಯೇನಪಾ?”

“ಅವಗ ಆಗೂದಿಲ್ರಿ ಅಜ್ಜಾರ, ಮಂದಿಯೊಳಗ ಅಂದ್ರ…” ಎಂದು ಹೊನ್ನವ್ವ ನಡುವೆ ಬಾಯಿ ಹಾಕಿದಳು. ಸ್ವಾಮಿಗಳು ಅವಳತ್ತ ತಿರುಗಲಿಲ್ಲ. ಮಡಿವಾಳಪ್ಪನ ಮುಖ ನೋಡುತ್ತ ಸುಮ್ಮನೆ ನಿಂತರು. ಬಹಳ ಹೊತ್ತಾದ ಮೇಲೆ ಅವನ ಬಾಯಿಂದ ಹೊರಟಿತು: “ಬ… ಬರ್ತೀನ್ರಿ.”

ಸ್ವಾಮಿಗಳು ತಮ್ಮ ಹೆಗಲನ್ನೇ ಆಸರೆ ಕೊಟ್ಟು ಅವನನ್ನು ಒಳಗೆ ಕರೆತಂದರು. ಕಂಬಕ್ಕೆ ಒರಗಿಸಿ ಕೂರಿಸಿ, ತಾವೂ ಪಕ್ಕದಲ್ಲೇ ಬರಿನೆಲದ ಮೇಲೆ ಕೂತರು. ಹೊನ್ನವ್ವ ಮಗನ ಇನ್ನೊಂದು ಮಗ್ಗುಲಿಗೆ ಕೂತಳು.

ಆ ಮಠದ ಪದ್ಧತಿಯೊಂದಿದೆ. ಬಡಿಸಿದ ಮೇಲೆ ಪಂಕ್ತಿಯಲ್ಲಿ ಒಬ್ಬರು ‘ನಮಃ ಪಾರ್ವತೀ ಪತಯೇ’ ಎಂದು ನಾಮ ಹೇಳಬೇಕು, ಉಳಿದವರು ‘ಹರ ಹರ ಮಹಾದೇವ’ ಎನ್ನಬೇಕು. ಅಲ್ಲಿಯವರೆಗೆ ಯಾರೂ ಅಗುಳು ಮುಟ್ಟುವಂತಿಲ್ಲ. ಅವತ್ತು ಬಡಿಸಿ ಮುಗಿದದ್ದೇ ಸ್ವಾಮಿಗಳು, “ಇವತ್ತಿನ ನಾಮ ಮಡಿವಾಳಪ್ಪಂದು,” ಎಂದರು.

ಹೊನ್ನವ್ವ ಅರ್ಧ ಎದ್ದೇಬಿಟ್ಟಳು. ಮತ್ತೆ ಆ ಮದುವೆಯ ಚಪ್ಪರವೇ ಆಗುತ್ತದಲ್ಲ ಶಿವನೇ!

“ನ… ನಮ…” ಮಡಿವಾಳಪ್ಪನ ಕತ್ತು ತಿರುಗಿತು, ಭುಜ ಅದುರಿತು. ನಗುವವರು ಯಾರೂ ಇರಲಿಲ್ಲ, ನಿಜ. ಆದರೆ ಪಾಪ, ಇಷ್ಟು ಹೇಳಿದ್ದೇ ಸಾಕು ಎಂದು ಮಂದಿಗೆ ಕನಿಕರ ಬಂತು. ಎಲ್ಲರೂ ಒಮ್ಮೆಗೇ ‘ಹರ ಹರ ಮಹಾದೇವ’ ಎಂದು ಕೂಗಿ ರೊಟ್ಟಿಗೆ ಕೈ ಹಾಕಿಯೇಬಿಟ್ಟರು. ಮಡಿವಾಳಪ್ಪ ತಲೆ ತಗ್ಗಿಸಿದ.

ಸ್ವಾಮಿಗಳ ಕೈ ಮಾತ್ರ ತೊಡೆಯ ಮೇಲೇ ಇತ್ತು. ಅದನ್ನು ನೋಡಿ ಒಬ್ಬೊಬ್ಬರಾಗಿ ಕೈ ಹಿಂದೆಗೆದರು. ತುತ್ತು ಬಾಯಿಗಿಟ್ಟವರು ಅಗಿಯಲೂ ಆಗದೆ ನುಂಗಲೂ ಆಗದೆ ಹಾಗೇ ಕೂತರು.

“ಅವಂದು ಇನ್ನೂ ಮುಗಿದಿಲ್ಲ,” ಎಂದರು ಸ್ವಾಮಿಗಳು. “ಸಾವಕಾಶ ಹೇಳಪಾ ತಮ್ಮಾ. ನಾವ್ ಇಲ್ಲೇ ಅದೀವಿ.”

ಅವನು ಮೊದಲಿನಿಂದ ಶುರು ಮಾಡಿದ. ಎಲ್ಲೋ ಒಂದು ಕೂಸು ಹಸಿವಿಗೆ ಅತ್ತಿತು. ಅಡುಗೆಯ ಉಸ್ತುವಾರಿಯ ಪಂಪಯ್ಯ ಬಗ್ಗಿ, “ಅಜ್ಜಾರ, ಎಲ್ಲಾ ಆರಾಕತ್ತೈತ್ರಿ,” ಎಂದು ಪಿಸುಗುಟ್ಟಿದರು. “ಕೂಸಿಗೆ ಹಾಲು ಕೊಡಸ್ರಿ. ನಮ್ಮದು ಆರಲಿ ಬಿಡ್ರಿ,” ಎಂದರು ಸ್ವಾಮಿಗಳು.

“ಪಾ… ಪಾರ್…” ಮಡಿವಾಳಪ್ಪನ ಹಣೆಯಲ್ಲಿ ಬೆವರು ಇಳಿಯಿತು. ಹೊನ್ನವ್ವನಿಗೆ ತಡೆಯಲಾಗಲಿಲ್ಲ. ಜೀವಮಾನದ ರೂಢಿ, ಬಿಟ್ಟೀತೇ? “ಪಾರ್ವತೀ ಪ—” ಎಂದುಬಿಟ್ಟಳು.

ಸ್ವಾಮಿಗಳು ಅವಳನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

“ಯವ್ವಾ, ಅದು ಅವನ ಪಾಲಿನ ಸೇವಾ.”

ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಪಂಕ್ತಿಯಲ್ಲಿ ಈಗ ಯಾರೂ ತಾಟಿನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವನ ತುಟಿಗಳ ಮೇಲೆ. ಕಡೆಗೂ ಬಂತು: “ಪ… ಪತ… ಯೇ!”

ಅವತ್ತಿನ ‘ಹರ ಹರ ಮಹಾದೇವ’ ಊರ ಅಗಸಿ ಬಾಗಿಲಿನ ಆಚೆಗೂ ಕೇಳಿತಂತೆ. ಮಡಿವಾಳಪ್ಪ ನಕ್ಕ ನಗೆಯನ್ನು ಹೇಗೆ ಬಣ್ಣಿಸಲಿ! ಕೈ ನಡುಗಿ ಅವನ ಸಾರು ಸ್ವಾಮಿಗಳ ಕಾವಿಯ ಮೇಲೆ ಚೆಲ್ಲಿತು. ಅವರು ನೋಡಿಯೂ ನೋಡದವರಂತೆ ಉಣ್ಣುತ್ತಲೇ ಇದ್ದರು.

ಪಂಪಯ್ಯ ಗೋಧಿ ಹುಗ್ಗಿಯ ಬಕೆಟ್ಟು ಹಿಡಿದು ಬಂದರು. ಲೋಕದ ರೂಢಿಯಂತೆ ಅವನನ್ನು ಬಿಟ್ಟು ತಾಯಿಯನ್ನೇ ಕೇಳಿದರು: “ನಿನ್ನ ಮಗಗ ಇನ್ನೊಂದೀಟು ಹುಗ್ಗಿ ಹಾಕ್ಲೇನವಾ?”

ಹೊನ್ನವ್ವ ಬಾಯಿ ತೆರೆದಳು. ಮುಚ್ಚಿದಳು.

“ಅವನ್ನ ಕೇಳ್ರಿ.”

ಪಂಪಯ್ಯ ಸೌಟು ಹಿಡಿದು ಕಾದರು.

“ಹು… ಹುಗ್ಗಿ ಬ್ಯಾಡ್ರಿ. ನನಗ ಸೇ… ಸೇರೂದಿಲ್ಲ. ರೊ… ರೊಟ್ಟಿ ಹಾಕ್ರಿ.”

ಅಮಾವಾಸ್ಯೆ ತಪ್ಪಿದರೂ ಹೊನ್ನವ್ವ ಅವನಿಗೆ ಹುಗ್ಗಿ ಒಯ್ಯುವುದು ತಪ್ಪಿರಲಿಲ್ಲ. ಮಗನಿಗೆ ಬಲು ಪ್ರೀತಿಯೆಂದು ಬೇಡಿ ಬೇಡಿ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದಳು! ಅವಳಿಗೆ ನಗುವೂ ಬಂತು, ಅಳುವೂ ಬಂತು. ಎಂಜಲು ಕೈಯಲ್ಲೇ ಸ್ವಾಮಿಗಳತ್ತ ಕೈಮುಗಿದಳು.

“ನನ್ನ ಮಗನ್ನ ನನಗ ತೋರಿಸಿದ್ರಿ, ಅಜ್ಜಾರ,” ಎಂದಳು.

ಮರು ಅಮಾವಾಸ್ಯೆಗೆ ಬಂದಾಗ ಹೊನ್ನವ್ವ ಮಗನನ್ನು ಕಂಬದ ಬಳಿ ಪಂಕ್ತಿಯ ಮಂದಿಯ ನಡುವೆ ಬಿಟ್ಟು, ತಾನು ದೂರ ಹೆಂಗಸರ ಸಾಲಿಗೆ ಹೋಗಿ ಕೂತಳು. ಅವನು ಏನೋ ಹೇಳಲು ಶುರು ಮಾಡಿದ್ದ, ಸುತ್ತಲಿನವರು ಕೇಳುತ್ತ ಕೂತಿದ್ದರು. ಏನು ಹೇಳುತ್ತಿದ್ದಾನೋ ಅವಳಿಗೆ ಕೇಳಿಸುತ್ತಿರಲಿಲ್ಲ. ಎದ್ದು ಹೋಗಿ ನೋಡಬೇಕೆಂದೂ ಅವಳಿಗೆ ಅನ್ನಿಸಲಿಲ್ಲ.